ತಂತಿಯಮ್ಮನ ಉಸಿರು

"ಮಧ್ಯಾಹ್ನ ಮೂರು ಗಂಟೆಯೊಳಗೆ ಸಾಕ್ಷಿ ಕೊಡಿ ಮೇಡಂ. ಇಲ್ಲಾಂದ್ರೆ ಐದು ಗಂಟೆ ಪ್ರಸಾರದಲ್ಲಿ 'ಹಾಡಿದವರು ಯಾರೋ ತಿಳಿದಿಲ್ಲ' ಅಂತಲೇ ಹೋಗುತ್ತೆ," ಎಂದರು ರೇಡಿಯೋ ಕೇಂದ್ರದ ಧ್ವನಿಭಂಡಾರದ ಅಧಿಕಾರಿ.

ಕನ್ನಡಕದ ಅಂಗಡಿಯಾಕೆ ಗೋಡೆ ಗಡಿಯಾರ ನೋಡಿದಳು. ಹನ್ನೊಂದೂವರೆ.

ಭಂಡಾರದ ಕಪಾಟಿನ ಹಿಂದೆ ಸಿಕ್ಕ, ಚೀಟಿ ಕಿತ್ತುಹೋದ ಟೇಪು ಅದು. ಅದರಲ್ಲಿ ಈವರೆಗೆ ಯಾರೂ ಕೇಳಿರದ, ವಾದ್ಯಗಳಿಲ್ಲದ ಒಂದು ಹಾಡಿತ್ತು. ಮೊದಲ ಸಾಲಿಗೇ ಅವಳ ಮೈ ಜುಮ್ಮೆಂದಿತ್ತು: ಇದು ತಂತಿಯಮ್ಮನೇ. ಬಿಗಿದ ತಂತಿಯಂಥ ಕಂಠವೆಂದು ಮೂದಲಿಸಿದವರು ಇಟ್ಟ ಹೆಸರಿಗೆ ಅಭಿಮಾನಿಗಳು 'ಅಮ್ಮ' ಸೇರಿಸಿ ತಲೆಯ ಮೇಲೆ ಹೊತ್ತುಕೊಂಡಿದ್ದರು. ಗಾಯಕಿ ತೀರಿಕೊಂಡು ಇಪ್ಪತ್ತು ವರ್ಷ. ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ಸೇರುವ ಅಭಿಮಾನಿ ಸಂಘಕ್ಕೆ ಈಗ ಅವಳೇ ಕಾರ್ಯದರ್ಶಿ.

"ಧ್ವನಿ ಕೇಳಿದ್ರೆ ಗೊತ್ತಾಗಲ್ವಾ ಸಾರ್?"

"ಅವರ ಥರಾನೇ ಹಾಡೋರು ಆಗ ಬೀದಿಗೊಬ್ಬರಿದ್ರು. ಧ್ವನಿ ಕದೀಬಹುದು. ಆದ್ರೆ ಇದನ್ನ ಕೇಳಿ."

ಸಾಲು ಮುಗಿದಲ್ಲಿ ಗಾಯಕಿ ಉಸಿರನ್ನು ಎರಡು ಗುಟುಕಾಗಿ ಎಳೆಯುತ್ತಿದ್ದರು: ಮೊದಲೊಂದು ಚಿಕ್ಕದು, ಬೆನ್ನಿಗೇ ಒಂದು ದೊಡ್ಡದು.

"ಗ್ರಾಮಫೋನ್ ತಟ್ಟೆಗಳಲ್ಲಿ ವಾದ್ಯದ ಗದ್ದಲಕ್ಕೆ ಇದು ಕೇಳ್ಸಲ್ಲ. ಅವರು ವೇದಿಕೇಲಿ ಹಾಡಿದ ಟೇಪು ನಿಮ್ಮ ಹತ್ರ ಇದೆಯಲ್ಲ, ಅದರಲ್ಲೂ ಹೀಗೇ ಇದ್ರೆ ನಾನೇ ಕೈಯಾರೆ ಹೆಸರು ಬರೀತೀನಿ."

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಲವತ್ತು ಕಾರ್ಯಕ್ರಮಗಳ ಟೇಪುಗಳು ಮಹಡಿಯಲ್ಲಿದ್ದವು. ಎಲ್ಲವನ್ನೂ ವೇದಿಕೆಯ ಬುಡದಲ್ಲಿ ಕುಳಿತು ಮುದ್ರಿಸಿದವರು ಅವಳ ಮಾವ. ರೇಡಿಯೋ ರಿಪೇರಿ ಮಾಡುತ್ತಲೇ ಸಂಘ ಕಟ್ಟಿದವರು.

ಅಂಗಡಿಯ ಮೇಲಿನ ಮನೆಗೆ ಓಡಿಬಂದು ಮೊದಲ ಟೇಪು ಹಾಕಿದಳು. ಸಾಲು ಮುಗಿಯಿತು, ಮುಂದಿನ ಸಾಲು ಶುರುವಾಯಿತು. ನಡುವೆ ಉಸಿರೇ ಇಲ್ಲ. ಎರಡನೆಯದರಲ್ಲೂ ಇಲ್ಲ. ಏಳನೆಯ ಟೇಪಿನ ಹೊತ್ತಿಗೆ ಗಂಟೆ ಒಂದು ದಾಟಿತ್ತು.

"ಉಸಿರೇ ತಗೊಳ್ದೆ ಹಾಡೋರು ಅಂತ ಮೂವತ್ತು ವರ್ಷದಿಂದ ಎಲ್ಲರ ಹತ್ರ ಕೊಚ್ಕೊಂಡು ಬಂದಿದೀನಿ," ಎಂದ ಸಂಘದ ಹಳೆಯ ಸದಸ್ಯನಾದ ನಿವೃತ್ತ ಬಸ್ ಕಂಡಕ್ಟರ್. "ಆ ರೇಡಿಯೋದವರ ಟೇಪಲ್ಲಿ ಉಸಿರು ಕೇಳಿಸ್ತು ಅಂದ್ರೆ, ಇಲ್ಲಿಂದೆಲ್ಲಿ ಇಳಿದು ಹೋಯ್ತಮ್ಮಾ, ಟಿಕೆಟ್ ತಗೊಳ್ದೆ?"

ಮೂಲೆಯ ಕುರ್ಚಿಯಲ್ಲಿದ್ದ ಮಾವ ಕನ್ನಡಕ ಒರೆಸತೊಡಗಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಮಾವ, ನೀವೇನಾದ್ರೂ..."

"ಕತ್ತರಿಸ್ದೆ ಕಣಮ್ಮಾ. ಅಷ್ಟು ಚೆನ್ನಾಗಿ ಹಾಡೋರು ನಡುನಡುವೆ ಏದುಸಿರು ಬಿಡೋದು ಕೇಳೋಕೆ ನಂಗೆ ಸಂಕಟ. ಬ್ಲೇಡು ತಗೊಂಡು ಒಂದೊಂದೇ ಉಸಿರು ತೆಗೆದು, ಟೇಪು ಅಂಟಿಸ್ದೆ."

"ಅಯ್ಯೋ ಮಾವಾ! ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ!"

ಅವಳ ಕಣ್ಣು ತುಂಬಿತು. ಐದು ಗಂಟೆಗೆ ಆ ಹಾಡು ಮನೆಮನೆಗೂ ಹೋಗುತ್ತದೆ, ಹಾಡಿದವಳ ಹೆಸರು ಮಾತ್ರ ಹೊಸ್ತಿಲಾಚೆಯೇ ಉಳಿಯುತ್ತದೆ.

"ಎಲ್ಲಾ ಎಸೆದುಬಿಟ್ರಾ?"

"ಎಸೆಯೋದಾ?" ಮಾವನಿಗೆ ನಿಜಕ್ಕೂ ಸಿಟ್ಟು ಬಂತು. "ಅದು ತಂತಿಯಮ್ಮನ ಉಸಿರಲ್ವಾ? ಕಸಕ್ಕೆ ಹಾಕೋಕೆ ನಾನೇನು ರಾಕ್ಷಸನಾ?"

ಎದ್ದು ಹೋಗಿ, ಮಂಚದ ಕೆಳಗಿನಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತಂದರು. ಒಳಗೆ ದಪ್ಪನೆಯ ಸುರುಳಿ. ತೆಗೆದ ಉಸಿರುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ, ತುಂಡು ತುಂಡಿನ ಬೆನ್ನಿಗೂ ಕಾರ್ಯಕ್ರಮದ ತಾರೀಖು ಬರೆದಿಟ್ಟಿದ್ದರು.

ಸುರುಳಿ ತಿರುಗಿತು. ಚಿಕ್ಕ ಗುಟುಕು, ದೊಡ್ಡ ಗುಟುಕು. ಮತ್ತೆ ಚಿಕ್ಕದು, ದೊಡ್ಡದು. ಹಾಡಿಲ್ಲ, ಮಾತಿಲ್ಲ, ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು ಎದುರಿಗೇ ಕುಳಿತಂತಿತ್ತು. ಕಂಡಕ್ಟರ್ ತನಗರಿವಿಲ್ಲದೆ ಎದ್ದು ನಿಂತ.

ಮೂರಕ್ಕೆ ಇಪ್ಪತ್ತು ನಿಮಿಷವಿರುವಾಗ ಸೊಸೆ, ಮಾವ ಡಬ್ಬಿ, ಟೇಪುಗಳ ಸಮೇತ ಅಧಿಕಾರಿಯ ಮುಂದಿದ್ದರು. ಅಧಿಕಾರಿ ಸುರುಳಿ ಕೇಳಿದರು, ಹುಬ್ಬೇರಿಸಿದರು.

"ಇದು ಅವರದ್ದೇ ಉಸಿರು ಅಂತ ಏನು ಗ್ಯಾರಂಟಿ? ನಿಮ್ಮ ಮನೆ ಅಜ್ಜೀದೂ ಆಗಿರಬಹುದಲ್ಲ?"

"ನಮ್ಮನೆ ಅಜ್ಜಿಗೆ ಬೈಯೋವಾಗ ಉಸಿರು ಬೇಕೇ ಆಗ್ತಿರಲಿಲ್ಲ ಸಾರ್," ಎಂದರು ಮಾವ.

ಒಂದು ತುಂಡನ್ನು ಬಿಡಿಸಿಕೊಂಡು, ಅದೇ ತಾರೀಖಿನ ಟೇಪಿನಲ್ಲಿ ಹಳೆಯ ಅಂಟು ಹುಡುಕಿ ಬಿಚ್ಚಿ, ತುಂಡನ್ನು ಅದರ ಜಾಗದಲ್ಲಿ ಕೂರಿಸಿದರು. ಎಂಬತ್ತು ದಾಟಿದರೂ ಕೈಯ ಪಳಗಿಕೆ ಹಾಗೇ ಇತ್ತು. ಓರೆಯಾಗಿ ಕತ್ತರಿಸಿದ ಅಂಚುಗಳು ಕೂದಲೆಳೆಯಷ್ಟೂ ಬಿರುಕಿಲ್ಲದೆ ಕೂಡಿಕೊಂಡವು.

ಟೇಪು ಓಡಿತು. ಸಾಲು ಮುಗಿಯಿತು. ಚಿಕ್ಕ ಗುಟುಕು, ದೊಡ್ಡ ಗುಟುಕು. ಅದರ ಜೊತೆಯಲ್ಲೇ ಸಭೆಯಲ್ಲಿ ಯಾರೋ ಕೆಮ್ಮಿದರು. ಕೆಮ್ಮಿನ ಮೊದಲರ್ಧ ತುಂಡಿನಲ್ಲಿ, ಉಳಿದರ್ಧ ಟೇಪಿನಲ್ಲಿ. ಈಗ ಅದು ಒಂದೇ ಇಡೀ ಕೆಮ್ಮು.

ಅಧಿಕಾರಿ ಮೊದಲ ಬಾರಿಗೆ ನಕ್ಕರು. "ಆ ಕೆಮ್ಮಿದ ಪುಣ್ಯಾತ್ಮ ಯಾರೋ, ಅವನಿಗೊಂದು ನಮಸ್ಕಾರ." ಪೆನ್ನು ತೆಗೆದು, ಬೋಳಾಗಿದ್ದ ಟೇಪಿಗೆ ಹೊಸ ಚೀಟಿ ಅಂಟಿಸಿ, ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದರು.

ಐದು ಗಂಟೆಗೆ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉದ್ಘೋಷಕಿ ಗಾಯಕಿಯ ಪೂರ್ತಿ ಹೆಸರು ಹೇಳಿದಳು. ಕಂಡಕ್ಟರ್ ಕಿಟಕಿ ತೆರೆದು ರೇಡಿಯೋವನ್ನು ಬೀದಿಗೆ ತಿರುಗಿಸಿದ. ಸೈಕಲ್‌ನವನು ಕಾಲೂರಿ ನಿಂತ. ಎದುರಿನ ಲಾಂಡ್ರಿಯವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಮೇಲೆ ನೋಡಿದಳು. ಕಾರ್ಯದರ್ಶಿ ಅತ್ತಳು, ನಾಚಿಕೆಯಿಲ್ಲದೆ, ಎಲ್ಲರೆದುರಿಗೇ.

ಚಪ್ಪಾಳೆ ನಿಂತ ಮೇಲೆ ನೋಡಿದರೆ ಮಾವ ಮೇಜಿನ ಬಳಿ ಎರಡನೆಯ ತುಂಡನ್ನು ಬಿಡಿಸುತ್ತಿದ್ದರು.

"ಎಲ್ಲಾನೂ ವಾಪಸ್ ಸೇರಿಸ್ತೀರಾ ಮಾವ? ಎಷ್ಟಿವೆ?"

"ನಾಲ್ಕು ಸಾವಿರದ ಚಿಲ್ಲರೆ. ತೆಗೆಯೋಕೆ ಹನ್ನೊಂದು ವರ್ಷ ಹಿಡಿದಿತ್ತು."

"ನಿಮಗೀಗ ಎಂಬತ್ತೆರಡು!"

"ಹಾಗಾದ್ರೆ ತೊಂಬತ್ತಮೂರಕ್ಕೆ ಮುಗೀತು," ಎಂದರು ಅವರು, ತಲೆಯೆತ್ತದೆ. "ಸ್ವಲ್ಪ ಬೆಳಕಿಗೆ ಅಡ್ಡ ನಿಲ್ಲಬೇಡಮ್ಮಾ."