ಹಿಮ್ಮಡಿಗೂ ಒಂದು ಕ್ಷೌರ

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರುವಾಗ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದರೆ ಕಡಿಮೆ. ಸ್ವಲ್ಪ ಹೊತ್ತು ಕುಳಿತು ಎದ್ದರೆ ಮತ್ತೆ ಹಾಜರು. ಇಂಥ ನೋವು ಬಹಳ ಮನೆಗಳಲ್ಲಿದೆ. ಕಾಲು ನಮ್ಮ ದೇಹದ ಗಡಿನಾಡು; ಅಲ್ಲಿನ ದೂರು ತಲೆಯವರೆಗೆ ಬರುವುದೇ ತಡವಾಗಿ, ಬಂದರೂ ಕೇಳುವವರಿಲ್ಲ.

ನಮ್ಮ ಬೀದಿಯ ಕ್ಷೌರದಂಗಡಿಯವನಿಗೂ ಈ ನೋವಿತ್ತು. ಎಲ್ಲರೂ ಅವನನ್ನು ಕತ್ತರಿಯಣ್ಣ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಇದ್ದದ್ದು ಒಂದೇ ಕುರ್ಚಿ, ಅದು ಗಿರಾಕಿಗೆ. ಅವನಿಗೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ; ಅದೂ ಬರಿಗಾಲಿನಲ್ಲಿ, ಸಿಮೆಂಟಿನ ನೆಲದ ಮೇಲೆ. ಎರಡೂ ಅವನ ಅಪ್ಪ ಹಾಕಿಕೊಟ್ಟ ಕಟ್ಟಳೆಗಳು. ಕೆಲಸದ ಜಾಗಕ್ಕೆ ಚಪ್ಪಲಿ ತರಕೂಡದು, ಕುಳಿತು ಕತ್ತರಿ ಹಿಡಿಯಕೂಡದು. "ಕೂತವನ ತಲೆಗೆ ನಿಂತವನ ಕೈ" ಎಂದು ಅಪ್ಪ ಹೇಳುತ್ತಿದ್ದರು. ಮಗ ಮೂವತ್ತು ವರ್ಷ ಆ ಮಾತಿನ ಮೇಲೆಯೇ ನಿಂತಿದ್ದ.

ಒಂದು ಸಂಜೆ ನಿವೃತ್ತ ಬಸ್ ಕಂಡಕ್ಟರು ಕನ್ನಡಕವನ್ನು ಕೈಯಲ್ಲಿ ಹಿಡಿದು ಸಿಟ್ಟಿನಿಂದ ಒಳಗೆ ಬಂದರು.

"ಏನಯ್ಯ ಕತ್ತರಿ, ಕನ್ನಡಕ ಸೊಟ್ಟ ಕೂರುತ್ತೆ ಅಂತ ಎರಡು ಸಲ ಅಂಗಡಿಗೆ ಹೋಗಿ ಬಂದೆ. ಅವನು ಏನಂದ ಗೊತ್ತಾ? ಕನ್ನಡಕ ನೆಟ್ಟಗಿದೆ ಸಾರ್, ನಿಮ್ಮ ತಲೆ ಸೊಟ್ಟಗಿದೆ ಅಂದ!"

"ತಲೆ ಹುಟ್ಟಿನಿಂದ ಬಂದದ್ದು ಕಂಡಕ್ಟ್ರೇ. ಅದಕ್ಕೆ ನಾನೇನು ಮಾಡ್ಲಿ?"

"ಕನ್ನಡಿ ಹಿಡಿ. ಎಡಗಿವಿ ಪಕ್ಕದ ಕೂದಲು ನೋಡು. ಈಗ ಬಲಗಿವಿ ಪಕ್ಕದ್ದು ನೋಡು. ಒಂದು ಬೆರಳು ಏರುಪೇರು! ನಿನ್ನೆ ಬೀದಿಯಲ್ಲಿ ಎಣಿಸಿದೆ. ಹನ್ನೊಂದು ಜನ. ಒಂದೇ ಕಡೆ ಪ್ರಯಾಣಿಕರು ಜೋತುಬಿದ್ದ ಬಸ್ಸಿನ ಹಾಗೆ ವಾಲಿಕೊಂಡಿದ್ದಾರೆ."

ಒಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಕತ್ತರಿಯಣ್ಣನ ಹೆಂಡತಿ ಬಾಗಿಲಿಗೆ ಬಂದಳು.

"ಇವರಿಗೆ ಎಡ ಹಿಮ್ಮಡಿ ನೋವು, ಕಂಡಕ್ಟರ್ ಮಾವ. ಭಾರವೆಲ್ಲ ಬಲಗಾಲಿನ ಮೇಲೆ. ಇವರೇ ವಾಲಿದ್ದಾರೆ, ಕತ್ತರಿ ಎಲ್ಲಿ ನೆಟ್ಟಗೆ ಹೋಗುತ್ತೆ?"

"ಆಸ್ಪತ್ರೆಗೆ ತೋರಿಸಬಾರದೇನಯ್ಯ?"

"ಹಿಮ್ಮಡಿ ನೋವಿಗೆಲ್ಲ ಆಸ್ಪತ್ರೆಗೆ ಹೋದ್ರೆ ಜನ ನಗ್ತಾರೆ" ಎಂದ ಕತ್ತರಿಯಣ್ಣ.

"ಈಗಲೂ ನಗ್ತಾನೇ ಇದ್ದಾರೆ" ಎಂದಳು ಹೆಂಡತಿ.

ಆ ರಾತ್ರಿ ಊಟದ ಹೊತ್ತಿಗೆ ಅವನಿಗೆ ಒಂದು ಸಿದ್ಧಾಂತ ಹೊಳೆಯಿತು.

"ನೋಡೇ, ಈ ನೋವು ಬರೋದು ಯಾವಾಗ? ಕೂತು ಎದ್ದಾಗ. ಅಂದ್ರೆ ತಪ್ಪಿರೋದು ಕೂರೋದ್ರಲ್ಲಿ. ಕೂರದೇ ಇದ್ರೆ ಏಳೋದೇ ಇಲ್ಲ. ಏಳದೇ ಇದ್ರೆ ನೋವೇ ಇಲ್ಲ!"

"ಮಲಗೋದು?"

"ಅದನ್ನಿನ್ನೂ ಯೋಚಿಸಿಲ್ಲ."

ಮರುದಿನದಿಂದ ಕತ್ತರಿಯಣ್ಣ ಕೂರುವುದನ್ನೇ ಬಿಟ್ಟ. ಕಿಟಕಿಯ ಹಲಗೆಯ ಮೇಲೆ ತಟ್ಟೆಯಿಟ್ಟು ನಿಂತು ಉಂಡ. ನಿಂತು ಪೇಪರ್ ಓದಿದ. ಷಡ್ಡಕನ ಮನೆಗೆ ಹೋದಾಗ ಎಷ್ಟು ಹೇಳಿದರೂ ಕೂರದೆ ನಿಂತೇ ಚಹಾ ಕುಡಿದ. ಏನೋ ಸಿಟ್ಟಿರಬೇಕೆಂದು ಹೆದರಿದ ಷಡ್ಡಕ, ಯಾವ ತಪ್ಪಿಗೆಂದು ತಿಳಿಯದೆಯೇ ಕ್ಷಮೆ ಕೇಳಿದ. ಇವನು ಅದನ್ನು ನಿಂತೇ ಸ್ವೀಕರಿಸಿದ.

ಎಂಟನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಹೆಂಡತಿಯ ಹೆಗಲು ಬೇಕಾಯಿತು. ಕೂದಲು ವಾಲಿದ್ದ ಆ ಹನ್ನೊಂದು ಗಿರಾಕಿಗಳಲ್ಲಿ ಆರು ಜನ ಪೇಟೆಯ ಸಲೂನಿನ ಕಡೆ ಮುಖ ಮಾಡಿದ್ದರು. ಆ ವಾರವೇ ಕತ್ತರಿಯಣ್ಣ ಸಲೂನಿನವನನ್ನು ಕಂಡು ಬಂದು ಹೆಂಡತಿಗೆ ಹೇಳಿದ:

"ಮುಂದಿನ ತಿಂಗಳ ಕೊನೆಗೆ ಬಂದು ಅಂಗಡಿ ತಗೋ ಅಂದೆ. ಬೀಗದ ಕೈ ಕೊಟ್ಟುಬಿಡ್ತೀನಿ. ಕಾಲು ನಿಲ್ಲದ ಮೇಲೆ ಕೈ ಇದ್ದು ಏನು ಪ್ರಯೋಜನ?"

ಅವನು ಖಾಲಿ ಕುರ್ಚಿಯ ಹಿಂದೆ ನಿಂತು ಕನ್ನಡಿ ನೋಡಿದ. ಮೂವತ್ತು ವರ್ಷ ಬೀದಿಯ ಮುಖಗಳನ್ನೆಲ್ಲ ಆ ಕನ್ನಡಿಯಲ್ಲಿ ಕಂಡವನು ತನ್ನ ಮುಖವನ್ನು ಅಂದೇ ಮೊದಲು ಕಂಡಂತಿತ್ತು.

ಆದರೂ ಕೊನೆಯದೊಂದು ಉಪಾಯ ಉಳಿದಿತ್ತು. ಹಿಮ್ಮಡಿಯ ಚರ್ಮ ದಪ್ಪಗಾಗಿ ಬಿರುಕು ಬಿಟ್ಟಿತ್ತು. ದಪ್ಪ ಚರ್ಮವೇ ಒಳಗೆ ಒತ್ತುತ್ತಿರಬೇಕು, ಅದನ್ನು ತೆಗೆದರೆ ನೋವೂ ಹೋದೀತು ಎಂದುಕೊಂಡ. ಚರ್ಮದ ಮೇಲಿರುವುದನ್ನು ತೆಗೆಯುವುದರಲ್ಲಿ ತನ್ನನ್ನು ಮೀರಿಸುವವರು ಯಾರು? ರಜೆಯ ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡ. ಎಡಗಾಲನ್ನು ಗಿರಾಕಿಯ ಕುರ್ಚಿಯ ಮೇಲಿಟ್ಟು ಅದಕ್ಕೊಂದು ಬಿಳಿ ಬಟ್ಟೆ ಹೊದಿಸಿದ. ಬ್ರಷ್ಷಿನಿಂದ ಹಿಮ್ಮಡಿಗೆ ಸೋಪಿನ ನೊರೆ ಹಚ್ಚಿದ. ರೇಜರ್ ತೆಗೆದ.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು?"

"ಕಾಣಿಸ್ತಿಲ್ವಾ? ಶೇವಿಂಗ್."

"ಮುಗಿದ ಮೇಲೆ ಪೌಡರ್ ಹಾಕ್ತೀರಾ, ಇಲ್ಲ ಮೀಸೆ ಬಿಡ್ತೀರಾ?"

ಅವನಿಗೆ ನಗು ಬಂತು. ಕೈ ಅಲುಗಿತು. ಮೂವತ್ತು ವರ್ಷದಲ್ಲಿ ಯಾರ ಕೆನ್ನೆಗೂ ಗೀರು ಹಾಕದ ಕೈ, ಸ್ವಂತ ಹಿಮ್ಮಡಿಯನ್ನು ಒಂದೂವರೆ ಇಂಚು ಸೀಳಿತು. ನೊರೆ ಕೆಂಪಾಯಿತು.

ಹೆಂಡತಿ ಇನ್ನು ಮಾತಿಗೆ ನಿಲ್ಲಲಿಲ್ಲ. ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕಂಡಕ್ಟರನ್ನು ಕೂಗಿದಳು. ಕಂಡಕ್ಟರು ಆಟೋ ತಂದರು. ಕಾಲು ಗಂಟೆಯಲ್ಲಿ ಮೂವರೂ ಆರೋಗ್ಯ ಕೇಂದ್ರದಲ್ಲಿದ್ದರು.

ನರ್ಸಮ್ಮ ಗಾಯ ತೊಳೆಯುತ್ತ ಕೇಳಿದರು: "ಯಾವುದರಿಂದ ಕೊಯ್ಕೊಂಡ್ರಿ?"

"ರೇಜರ್. ಶೇವ್ ಮಾಡುವಾಗ ತಗುಲ್ತು."

"ಶೇವ್ ಮಾಡುವಾಗ ಹಿಮ್ಮಡಿಗೆ ಹೇಗೆ ತಗುಲುತ್ತೆ?"

"ಹಿಮ್ಮಡಿಗೇ ಶೇವಿಂಗ್, ಸಿಸ್ಟರ್. ನೊರೆ ಹಚ್ಚಿ" ಎಂದಳು ಹೆಂಡತಿ.

ನರ್ಸಮ್ಮ ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಹತ್ತಿಯ ಡಬ್ಬಿಯನ್ನು ಪರೀಕ್ಷಿಸಿದರು. ಮತ್ತೆ ಈ ಕಡೆ ತಿರುಗಿದಾಗ ಮುಖ ಗಂಭೀರವಾಗಿತ್ತು. ಪಟ್ಟಿ ಕಟ್ಟಿ, ಟಿಟಿ ಇಂಜೆಕ್ಷನ್ ಕೊಟ್ಟು, ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರು.

"ಸಕ್ಕರೆ ಸರಿಯಾಗಿದೆ, ನಿಮ್ಮ ಪುಣ್ಯ. ಸಕ್ಕರೆ ಕಾಯಿಲೆ ಇರೋರಿಗೆ ಎಷ್ಟೋ ಸಲ ಕಾಲಿನ ಸ್ಪರ್ಶವೇ ಕಡಿಮೆಯಾಗಿರುತ್ತೆ. ಗಾಯ ಆದದ್ದೂ ತಿಳಿಯಲ್ಲ, ಬೇಗ ಮಾಯೋದೂ ಇಲ್ಲ. ಇಷ್ಟು ಗೀರು ಸಾಕು, ಕಾಲಿಗೇ ಕುತ್ತು ಬರೋಕೆ. ಆಣಿ ಇರಲಿ, ದಪ್ಪ ಚರ್ಮ ಇರಲಿ, ಮನೆಯಲ್ಲಿ ಬ್ಲೇಡ್ ಮುಟ್ಟಬೇಡಿ."

ಡಾಕ್ಟರು ಬಂದು, ಏನು ಕೆಲಸ, ಯಾವಾಗ ನೋವು ಎಂದೆಲ್ಲ ಕೇಳಿಕೊಂಡು, ಹಿಮ್ಮಡಿಯ ಅಡಿಯಲ್ಲಿ, ಗಾಯ ತಪ್ಪಿಸಿ, ಹೆಬ್ಬೆರಳಿನಿಂದ ಒತ್ತಿದರು. ಕತ್ತರಿಯಣ್ಣ ಮಂಚ ಬಿಟ್ಟು ಮೇಲೆದ್ದ. "ಸಿಕ್ಕಿತು" ಎಂದು ಅವರು ನರ್ಸಮ್ಮನಿಗೆ ಎಲ್ಲ ಹೇಳಿಕೊಡಲು ತಿಳಿಸಿ ಮುಂದಿನ ರೋಗಿಯತ್ತ ನಡೆದರು.

"ನಿಮ್ಮ ಅಂಗಡಿಯಲ್ಲಿ ಕತ್ತಿ ಮಸೆಯೋ ಚರ್ಮದ ಪಟ್ಟಿ ಇರುತ್ತಲ್ಲ?" ಎಂದರು ನರ್ಸಮ್ಮ. "ಅಂಗಾಲಿನ ಒಳಗೂ ಅಂಥದ್ದೊಂದು ಗಟ್ಟಿ ಪಟ್ಟಿ ಇದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ. ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ದಿನವಿಡೀ ನಿಂತು ನಿಂತು ಅದು ನೊಂದಿದೆ. ಮಲಗಿದಾಗ, ಕೂತಾಗ ಬಿಗಿದುಕೊಳ್ಳುತ್ತೆ. ಎದ್ದು ಒಮ್ಮೆಲೇ ಭಾರ ಹಾಕಿದ್ರೆ ಚುರುಕ್ ಅನ್ನುತ್ತೆ."

"ಅಂದ್ರೆ ತಪ್ಪು ಕೂತದ್ದಲ್ವಾ?"

"ನಿಂತದ್ದು. ಕೂತು ಎದ್ದಾಗ ಪಾಪ ಅದು ದೂರು ಹೇಳುತ್ತೆ ಅಷ್ಟೆ. ನೀವು ದೂರು ಕೊಟ್ಟವರನ್ನೇ ಕಳ್ಳ ಅಂತ ಹಿಡಿದ್ರಿ."

ಕಂಡಕ್ಟರು ತೊಡೆ ತಟ್ಟಿ ನಕ್ಕರು. ಕತ್ತರಿಯಣ್ಣ ತೋಳು ಮುಂದೆ ಚಾಚಿದ. "ಸರಿ, ಇಂಜೆಕ್ಷನ್ ಕೊಟ್ಟುಬಿಡಿ."

"ಇದಕ್ಕೆ ಮೊದಲ ಮದ್ದು ಇಂಜೆಕ್ಷನ್ ಅಲ್ಲ. ಬೆಳಿಗ್ಗೆ ನೆಲಕ್ಕೆ ಕಾಲಿಡೋ ಮುಂಚೆ, ಹಾಸಿಗೆಯಲ್ಲೇ ಕೂತು ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆದು ಹಿಡೀರಿ, ಮೂವತ್ತು ಎಣಿಸೋವರೆಗೆ. ಮೂರು ಸಲ. ಗಾಯ ಮಾದ ಮೇಲೆ ಗೋಡೆಗೆ ಎರಡೂ ಕೈ ಕೊಟ್ಟು, ನೋಯೋ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಕ್ಕೂರಿ ಮುಂದಕ್ಕೆ ಬಾಗಿ. ಮೀನಖಂಡ ಎಳೆದ ಹಾಗಾಗಬೇಕು. ಸಂಜೆ, ನೀರು ತುಂಬಿ ಮಂಜುಗಡ್ಡೆ ಮಾಡಿದ ಬಾಟ್ಲಿಗೆ ಬಟ್ಟೆ ಸುತ್ತಿ ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸಿ."

"ಗೋಡೆ ತಳ್ಳಿದ್ರೆ ಕಾಲು ವಾಸಿಯಾಗುತ್ತಾ, ಸಿಸ್ಟರ್? ಗೋಡೆ ಬೀಳುತ್ತೆ ಅಷ್ಟೆ."

"ಬಹಳ ಜನಕ್ಕೆ ಇಷ್ಟರಲ್ಲೇ ವಾಸಿಯಾಗುತ್ತೆ. ಆದ್ರೆ ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ. ಬೇಕಾದ್ರೆ ಡಾಕ್ಟರೇ ಬರೀತಾರೆ. ಇನ್ನು ಎರಡು ಮಾತು. ಅಂಗಡಿಯೊಳಗೆ ಹಿಮ್ಮಡಿಗೆ ಮೆತ್ತೆ ಇರೋ ಚಪ್ಪಲಿ. ಕೂತು ಕೆಲಸ ಮಾಡೋಕೆ ಒಂದು ಎತ್ತರದ ಸ್ಟೂಲು."

"ಆಗಲ್ಲ. ಎರಡೂ ಆಗಲ್ಲ" ಎಂದ ಕತ್ತರಿಯಣ್ಣ. "ಅಪ್ಪನ ಕಟ್ಟಳೆ."

"ಅಪ್ಪನಿಗೆ ಕಾಲು ನೋವಿತ್ತಾ?"

ಅವನು ಹಿಮ್ಮಡಿಯ ಪಟ್ಟಿಯ ಮೇಲೆ ಕೈಯಾಡಿಸಿದ. ಹೊರಗೆ ಯಾರೋ ನಲ್ಲಿ ತಿರುಗಿಸಿದರು, ನೀರು ಬಿತ್ತು, ನಿಂತಿತು.

"ಇತ್ತು" ಎಂದ ಮೆಲ್ಲಗೆ. "ಕೊನೆಕೊನೆಗೆ ಬೆಳಿಗ್ಗೆ ಗೋಡೆ ಹಿಡ್ಕೊಂಡೇ ನಡೀತಿದ್ರು. ವಯಸ್ಸಾಯ್ತು ಅಂತ ನಾವು ಸುಮ್ಮನಿದ್ವಿ."

"ಅವರಿಗೆ ಹೇಳೋರು ಇರಲಿಲ್ಲ. ನಿಮಗೆ ಇದ್ದೀವಿ."

ಹೆಂಡತಿ ಮಾತು ಮುಗಿಸಿದಳು: "ಅಂಗಡಿಗೇ ಅಂತ ಬೇರೆ ಚಪ್ಪಲಿ ತರ್ತೀನಿ. ಅದು ಹೊಸ್ತಿಲು ದಾಟಿ ಬೀದಿಗೆ ಹೋಗಲ್ಲ. ನಿಮ್ಮಪ್ಪ ಇದ್ದಿದ್ರೂ ಒಪ್ತಿದ್ರು. ಸ್ಟೂಲಿಗೆ ದಿಂಬು ನಾನೇ ಹೊಲೀತೀನಿ."

ಕಂಡಕ್ಟರು ಸಂಕೋಚದಿಂದ ಮುಂದೆ ಬಂದರು. "ಸಿಸ್ಟರ್, ಹೋದ ವರ್ಷ ಮೆಟ್ಟಿಲು ತಪ್ಪಿ ನನ್ನ ಕಾಲು ಉಳುಕಿತ್ತು. ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿಸಿಕೊಂಡೆ. ಕುಂಬಳಕಾಯಿ ಹಾಗೆ ಊದಿಬಿಡ್ತು."

"ಊದದೆ ಇನ್ನೇನು? ಉಳುಕಿದ ಮೊದಲ ಎರಡು ಮೂರು ದಿನ ಬಿಸಿಯೂ ಬೇಡ, ತಿಕ್ಕೋದೂ ಬೇಡ, ಯಾರಿಂದಲೂ ಎಳೆಸಿಕೊಳ್ಳೋದಂತೂ ಬೇಡವೇ ಬೇಡ. ತಣ್ಣನೆ ಪಟ್ಟಿ ಇಡಿ, ಹದವಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆತ್ತಿ ಇಡಿ. ನಾಲ್ಕು ಹೆಜ್ಜೆ ಇಡೋಕೂ ಆಗದಿದ್ರೆ, ಮೂಳೆ ಮುಟ್ಟಿದ್ರೆ ನೋಯ್ತಿದ್ರೆ ಎಕ್ಸ್‌ರೇ ತೆಗೆಸಬೇಕು."

"ಒಂದು ಟಿಕೆಟ್ಟಿಗೆ ಎರಡು ಊರು" ಎಂದು ಕಂಡಕ್ಟರು ಸಂತೋಷಪಟ್ಟರು.

ಮೂರನೆಯ ದಿನ ಕತ್ತರಿಯಣ್ಣ, "ಏನೂ ಪ್ರಯೋಜನ ಇಲ್ಲ" ಎಂದು ಘೋಷಿಸಿದ. "ಮೂರು ದಿನಕ್ಕೆ ಮೀಸೆಯೂ ಬರಲ್ಲ, ಸುಮ್ನಿರಿ" ಎಂದಳು ಹೆಂಡತಿ. ಗಾಯ ಮಾದ ಮೇಲೆ ಗೋಡೆಯ ವ್ಯಾಯಾಮ ಶುರುವಾಯಿತು. ಎಣಿಸುವ ಕೆಲಸ ಕುರ್ಚಿಯಲ್ಲಿ ಕುಳಿತ ಗಿರಾಕಿಯದು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡವರು "ಇಪ್ಪತ್ತೆಂಟು, ಇಪ್ಪತ್ತೊಂಬತ್ತು" ಎನ್ನುವುದು ಬೀದಿಗೆಲ್ಲ ಕೇಳುತ್ತಿತ್ತು. ದಾರಿಹೋಕನೊಬ್ಬ ಇಣುಕಿ, "ಅಂಗಡಿ ಆ ಕಡೆ ಜರುಗಿಸ್ತಿದ್ದೀರಾ? ನಾನೂ ಕೈ ಹಾಕ್ಲಾ?" ಎಂದು ಕೇಳಿದ.

ನಾಲ್ಕನೆಯ ವಾರ ಹಾಸಿಗೆಯಿಂದ ಬಚ್ಚಲಿಗೆ ಗೋಡೆ ಹಿಡಿಯದೆ ನಡೆದ. ಆರನೆಯ ವಾರ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಮೊಳೆ ಹೋಗಿ ಮುಳ್ಳಾಗಿತ್ತು, ಮುಳ್ಳೂ ಮೊಂಡಾಗುತ್ತಿತ್ತು.

ಆ ತಿಂಗಳ ಕೊನೆಗೆ ಪೇಟೆಯ ಸಲೂನಿನವನು ಮಾತಿನಂತೆ ಬಂದ. ಕತ್ತರಿಯಣ್ಣ ಸ್ಟೂಲಿನ ಮೇಲೆ ಕುಳಿತು ಗಿರಾಕಿಯೊಬ್ಬರ ಮೀಸೆ ತಿದ್ದುತ್ತಿದ್ದ. ಹೆಂಡತಿ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

"ಬೀಗದ ಕೈ?" ಎಂದ ಸಲೂನಿನವನು, ಬಾಗಿಲ ಚೌಕಟ್ಟಿಗೆ ಒರಗಿ.

ಕತ್ತರಿಯಣ್ಣ ಮೀಸೆಯ ಎರಡೂ ತುದಿಗಳನ್ನು ಸರಿದೂಗಿಸಿ, ಬಟ್ಟೆ ಕೊಡವಿ, ಗಿರಾಕಿಯನ್ನು ಕಳಿಸಿದ.

"ಕೊಡಲ್ಲಪ್ಪ. ಮಾತು ತಪ್ಪಿದ್ದೀನಿ, ಬೇಕಾದ್ರೆ ಬೈಯಿ. ಆದ್ರೆ ಕೂತು ಬೈಯಿ."

"ಕೂರಲ್ಲ. ನಿಂತೇ ಬೈತೀನಿ."

"ಕೂತರೆ ಏಳೋದು ಕಷ್ಟ ಅಂತಾನಾ?"

ಸಲೂನಿನವನ ಸಿಟ್ಟು ಅರ್ಧದಲ್ಲೇ ನಿಂತಿತು. "ನಿಮಗ್ಯಾರು ಹೇಳಿದ್ರು?"

"ನಿನ್ನ ಬಲ ಹಿಮ್ಮಡಿ ಹೇಳ್ತು. ಬಂದಾಗಿನಿಂದ ಅದು ನೆಲ ಮುಟ್ಟಿಲ್ಲ." ಕತ್ತರಿಯಣ್ಣ ಎದ್ದು ಗೋಡೆಯ ಗಡಿಯಾರ ನೋಡಿದ. "ಆರೋಗ್ಯ ಕೇಂದ್ರ ಮುಚ್ಚೋಕೆ ಇನ್ನೂ ಒಂದು ಗಂಟೆ ಇದೆ. ನಡಿ. ಬೈಯೋದನ್ನ ದಾರಿಯಲ್ಲಿ ಬೈಯುವೆಯಂತೆ."

ಇಬ್ಬರೂ ಬೀದಿಗಿಳಿದರು, ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಕೈ. ಅಂಗಡಿಗೆ ಬೀಗ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನೀವು ಪಾಠ ಹೇಳುವವರೋ, ಅಡುಗೆ ಮಾಡುವವರೋ, ಅಂಗಡಿಯಲ್ಲಿ ನಿಲ್ಲುವವರೋ ಆಗಿರಬಹುದು. ನಿಮ್ಮ ಕಾಲು ಇಂದು ಏನಾದರೂ ಹೇಳುತ್ತಿದೆಯೇ? ನೋವು ಎರಡು ವಾರವಾದರೂ ಇಳಿಯದಿದ್ದರೆ, ಪಾದ ಮರಗಟ್ಟಿದರೆ, ಊದಿ ಕೆಂಪಾಗಿ ಬಿಸಿಯಾದರೆ, ಬಿದ್ದ ಮೇಲೆ ಹೆಜ್ಜೆ ಊರಲಾಗದಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಸಕ್ಕರೆ ಕಾಯಿಲೆಯಿದ್ದವರು ದಿನಕ್ಕೊಮ್ಮೆ ಅಂಗಾಲು ನೋಡಿಕೊಳ್ಳಿ. ಚಿಕ್ಕ ಗಾಯ ಕಂಡರೂ ಅಂದೇ ತೋರಿಸಿ. ನಿಮ್ಮ ಮನೆಯ ಹಿರಿಯರು ಬೆಳಿಗ್ಗೆ ಗೋಡೆ ಹಿಡಿದು ನಡೆಯುತ್ತಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಹತ್ತಿರ ಕುಳಿತು, "ಎಲ್ಲಿ ನೋಯುತ್ತೆ?" ಎಂದು ಕೇಳಿ. ಅವರು "ಏನಿಲ್ಲ ಬಿಡು" ಎನ್ನುತ್ತಾರೆ. ಇನ್ನೊಮ್ಮೆ ಕೇಳಿ.