ಬಾರಿಸದ ತಾಟು

ಹದಿನಾರು ವರ್ಷದಿಂದ ನಾನು ಖಟಕ ಚಿಂಚೋಳಿಯ ಅಂಗನವಾಡಿಯಲ್ಲಿ ಟೀಚರ್. ಹೆಸರು ರೆಬೆಕ್ಕಾ. ಬಾಯಿ ಜೋರು, ಕೈ ಚುರುಕು, ತಪ್ಪು ಒಪ್ಪಿಕೊಳ್ಳುವುದರಲ್ಲಿ ಮಾತ್ರ ಬಲು ನಿಧಾನ.

ನಮ್ಮಲ್ಲಿ ಮೊಟ್ಟೆ ಕೊಡುವ ಹೊತ್ತಿಗೆ ಸ್ಟೀಲ್ ತಾಟಿಗೆ ಸೌಟಿನಿಂದ ಬಾರಿಸುವ ರೂಢಿ. ಸಪ್ಪಳ ಕೇಳಿದ್ದೇ ತಡ, ಮಕ್ಕಳೆಲ್ಲ ಎದ್ದು ಓಡಿ ಬರುತ್ತವೆ. ಅದೇ ನನ್ನ ಕಿವಿ ಪರೀಕ್ಷೆಯೂ ಆಗಿತ್ತು. ಓಡಿ ಬಂದವರ ಆರೋಗ್ಯ ಕಾರ್ಡಿನಲ್ಲಿ ‘ಕಿವಿ ಸರಿ ಇದೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಒಂದೇ ಏಟಿಗೆ ಎರಡು ಕೆಲಸ ಮುಗಿಸಿದೆನೆಂಬ ಜಂಬ ಬೇರೆ. ಪೂನಮಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಅವಳ ಅಜ್ಜಿ ಕೇಶರಬಾಯಿ ದಿನಾ ತಂದು ಕೂರಿಸುತ್ತಿದ್ದಳು. ತಾಟಿನ ಹತ್ತಿರ ಎಲ್ಲರಿಗಿಂತ ಮೊದಲು ಬರುವವಳು ಅವಳೇ.

ಜುಲೈನ ಒಂದು ಸೋಮವಾರ ತಾಟು ಹಿಡಿದು ಸೌಟು ಎತ್ತಿದ್ದೆ, ಅಷ್ಟರಲ್ಲಿ ಫೋನು ಬಂತು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು, ತಾಟು ಬಾರಿಸಲೇ ಇಲ್ಲ. ಉಳಿದ ಮಕ್ಕಳು ಮಣಿ ಪೋಣಿಸುತ್ತ ಕೂತಲ್ಲೇ ಕೂತಿದ್ದರು. ಪೂನಮ ಒಬ್ಬಳೇ ಎದ್ದು ಓಡಿ ಬಂದು, ನನ್ನ ಮುಂದೆ ಕೈಯೊಡ್ಡಿ ನಿಂತಳು.

ಫೋನಿನಲ್ಲಿ ಯಾರು ಏನು ಹೇಳಿದರೋ ನೆನಪಿಲ್ಲ. ಹುಡುಗಿಗೆ ಮೊಟ್ಟೆ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಹಿಂದೆ ನಿಂತು ತಾಟು ಬಾರಿಸಿದೆ. ಅವಳು ಮೊಟ್ಟೆ ತಿನ್ನುತ್ತಲೇ ಇದ್ದಳು. ಇನ್ನೂ ಹತ್ತಿರ ಹೋಗಿ, ಪಕ್ಕದ ಮಕ್ಕಳು ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಗಿ ಬಾರಿಸಿದೆ. ಅವಳು ಹಳದಿಯನ್ನು ಬಿಡಿಸಿ ಬಾಯಿಗೆ ಹಾಕಿಕೊಂಡಳು. ಇಷ್ಟು ದಿನ ಅವಳು ನೋಡಿದ್ದು ನನ್ನ ಕೈಯನ್ನು.

ಎಂಟು ತಿಂಗಳ ಹಿಂದೆ ಅವಳ ತಾಯಿ ಸಪನಾ ಹೆದರುತ್ತ ಹೇಳಿದ್ದಳು, “ಟೀಚರ್, ನಾ ಕರದ್ರ ಹೊಳ್ಳಿ ನೋಡಂಗಿಲ್ಲರಿ ಇಕಿ.” ನಾನು ಮಕ್ಕಳ ಮುಂದೆಯೇ ಗದರಿಸಿದ್ದೆ, “ಮೊಟ್ಟಿ ಅಂದ್ರ ಎಲ್ಲಾರಕಿಂತ ಮುಂದ ಓಡಿ ಬರ್ತಾಳ. ಖಾಲಿ-ಪಿಲಿ ಫಿಕರ್ ಮಾಡಬ್ಯಾಡ.” ಹೆತ್ತವಳಿಗೆ ಗೊತ್ತಾಗಿದ್ದು ಕಾರ್ಡು ಬರೆಯುವವಳಿಗೆ ಗೊತ್ತಾಗಿರಲಿಲ್ಲ. ಅಂದು ನನ್ನ ಮೇಲೆ ನನಗೇ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಸಂಜೆ ಅವರ ಮನೆಗೆ ಹೋದೆ. ಕೇಶರಬಾಯಿ ಕಲ್ಲಿನ ಮೇಲೆ ಬಜಿ ತೇಯುತ್ತಿದ್ದಳು. ಮಾತು ಬರಲೆಂದು ಆ ಬೇರನ್ನು ಜೇನಿನಲ್ಲಿ ಕಲಸಿ ಕೂಸಿನ ನಾಲಿಗೆಗೆ ಹಚ್ಚುತ್ತಿದ್ದಳು. ನಾನು ವಿಷಯ ಹೇಳಿದೆ. ಅವಳು ಎದ್ದು ಒಳಗಿನಿಂದ ಕಾರ್ಡು ತಂದು ನನ್ನ ಮುಖಕ್ಕೆ ಹಿಡಿದಳು.

“ಇದು ಯಾರ ಅಕ್ಷರರಿ?”

“ನಂದೇ.”

“ಸರಿ ಇದೆ ಅಂತ ನೀವೇ ಬರದೀರಿ. ಈಗ ಕಿವುಡಿ ಅಂತೀರಿ. ನಾಳಿ ಸಾಲಿಯವರು ಇಕಿನ್ನ ಹೊರಗ ಕುಂದರಸ್ತಾರ. ನಾ ಸಣ್ಣಾಕಿದ್ದಾಗ ಸಾಲಿ ಹೊಸ್ತಿಲ ಹೊರಗ ಕುಂತು ಅಕ್ಷರ ಕಲ್ತಾಕಿ. ಹೊರಗ ಅಂದ್ರ ಏನು ಅಂತ ನನಗ ಕೇಳ್ರಿ. ನನ್ನ ಮಮ್ಮಗಳು ಹೊರಗ ಕುಂದ್ರಂಗಿಲ್ಲ.”

ನಾನು ಕಾರ್ಡು ಇಸಿದುಕೊಂಡು, ನನ್ನ ಅಕ್ಷರದ ಮೇಲೆ ಕೆಂಪು ಪೆನ್ನಿನಿಂದ ಗೀಟು ಎಳೆದು, ಪಕ್ಕದಲ್ಲಿ ‘ನಾನು ತಪ್ಪು ನೋಡಿದೆ’ ಎಂದು ಬರೆದು ಸಹಿ ಹಾಕಿದೆ. “ಮೊದಲನೇ ಸಾಲಿನಾಗ, ನನ್ನ ಮುಂದ ಕುಂದ್ರತಾಳರಿ. ನಾ ಇರೋತನ ಆಕಿನ್ನ ಯಾರೂ ಎಬ್ಬಸಂಗಿಲ್ಲ. ನನ್ನ ಮಾತು ನಂಬಬ್ಯಾಡ್ರಿ. ನೀವೇ ಬಾರಿಸಿ ನೋಡ್ರಿ.”

ಕೇಶರಬಾಯಿ ತಾಟು ತಂದಳು. ಪೂನಮ ಅಂಗಳದಲ್ಲಿ ಬೆನ್ನು ಹಾಕಿ ಆಡುತ್ತಿದ್ದಳು. ಅಜ್ಜಿ ಒಮ್ಮೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಆಮೇಲೆ ನಿಲ್ಲಿಸಲೇ ಇಲ್ಲ. ಓಣಿಯ ಜನ ಹೊರಗೆ ಬಂದರು, ತಾಟಿನ ಅಂಚು ಬಾಗಿತು, ಕೂಸು ಮಾತ್ರ ಮಣ್ಣಿನಲ್ಲಿ ಕುಣಿ ತೋಡುತ್ತಲೇ ಇತ್ತು. ಸಪನಾ ಹೋಗಿ ಅತ್ತೆಯ ಕೈ ಹಿಡಿದಳು.

“ಅತ್ತಿ, ಸಾಕ್ರಿ. ನನಗ ಗೊತ್ತಿತ್ತು.”

ಕೇಶರಬಾಯಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, “ಭಾಲ್ಕಿಗೆ ಮೊದಲ ಬಸ್ಸು ಎಷ್ಟಕ್ಕ ಅದರಿ?”

ಮರುದಿನ ಕೇಶರಬಾಯಿ, ಸಪನಾ, ನಾನು ಪೂನಮಳನ್ನು ಕರೆದುಕೊಂಡು ಹೊರಟೆವು. ಬೀದರಿನ ಕಿವಿ ತಪಾಸಣೆ ಕೇಂದ್ರಕ್ಕೆ ಹೋಗಲು ಭಾಲ್ಕಿಯಲ್ಲಿ ನಮ್ಮ ಮೇಲ್ವಿಚಾರಕಿಯಿಂದ ಚೀಟಿ ಬೇಕಿತ್ತು. ಮೇಡಂ ಕಾರ್ಡಿನ ಕೆಂಪು ಗೀಟು ನೋಡಿದ್ದೇ ಬಾಗಿಲು ಮುಂದೆ ಮಾಡಿದರು.

“ಇದೇನು ಮಾಡೀರಿ? ಮ್ಯಾಲಿನವರು ನೋಡಿದ್ರ, ಉಳದ ಮಕ್ಕಳಿಗೆ ಹ್ಯಾಂಗ ನೋಡೀರಿ ಅಂತ ಕೇಳ್ತಾರ. ಹೊಸಾ ಕಾರ್ಡ್ ಕೊಡ್ತೇನಿ. ಹೋದ ತಿಂಗಳು ಜ್ವರ ಬಂದು ಕಿವಿ ಹೋಗ್ಯಾವ ಅಂತ ಬರೀರಿ. ಚೀಟಿಯೊಳಗೂ ಹಂಗೇ ಹಾಕ್ತೇನಿ.”

“ಜ್ವರ ಬಂದಿಲ್ಲರಿ, ಮೇಡಂ. ಡಾಕ್ಟರಿಗೆ ಸುಳ್ಳು ಹೇಳಿದ್ರ ಇಲ್ಲದ ರೋಗಕ್ಕ ಔಷಧ ಕೊಡ್ತಾರ.”

“ನಿಮ್ಮ ನೌಕರಿ ಬಗ್ಗೆ ವಿಚಾರ ಮಾಡ್ರಿ.”

“ಹದಿನಾರು ವರ್ಷ ಅದನ್ನೇ ಮಾಡೀನಿ. ಚೀಟಿ ನಿಮ್ಮ ಹತ್ರನೇ ಇರ್ಲಿ,” ಎಂದು ಹೊರಗೆ ಬಂದೆ. ಚೀಟಿ ಇಲ್ಲವೆಂದು ಬೀದರಿನಲ್ಲಿ ತಿರುಗಿ ಕಳಿಸಿದರೆ ಏನು ಮಾಡುವುದು ಎಂಬ ದಿಗಿಲು ದಾರಿಯುದ್ದಕ್ಕೂ ಇತ್ತು. ಕೇಶರಬಾಯಿಗೆ ಹೇಳಿದೆ. “ಕಳಸಲಿ ನೋಡೋಣು. ಬಾಗಲದಾಗ ಕುಂದ್ರತೇನಿ. ಅದರ ರೂಢಿ ಅದ ನನಗ,” ಎಂದಳು.

ಕೂರುವ ಪ್ರಸಂಗ ಬರಲಿಲ್ಲ. ಕಿವಿ ಪರೀಕ್ಷಿಸುವ ಅಂಬರೀನ ಎಂಬ ಹುಡುಗಿ ಚೀಟಿ ಕೇಳಲೇ ಇಲ್ಲ, ಕಾರ್ಡು ನೋಡಿದಳು.

“ಈ ಗೀಟು ಯಾರು ಹೊಡದಾರ?”

“ನಾನೇ.”

ನನ್ನನ್ನು ಒಂದು ಕ್ಷಣ ನೋಡಿದಳು. “ಜೋರ ಜ್ವರ ಏನರ ಬಂದಿತ್ತೇನ್ರಿ?”

“ಇಲ್ಲ,” ಎಂದೆವು ಮೂವರೂ ಒಟ್ಟಿಗೆ.

ಮಧ್ಯಾಹ್ನದವರೆಗೂ ಪರೀಕ್ಷೆ ನಡೆಯಿತು. ಹುಟ್ಟಿನಿಂದಲೇ ಬಲಗಿವಿಗೆ ಏನೂ ಕೇಳುವುದಿಲ್ಲ, ಎಡಗಿವಿಯಲ್ಲಿ ಸ್ವಲ್ಪ ಉಳಿದಿದೆ ಎಂದು ಗೊತ್ತಾಯಿತು. ಸಪನಾ ಎಂಟು ತಿಂಗಳ ಹಿಂದೆಯೇ ಹೇಳಿದ್ದನ್ನು ನಾನೇ ತಿಳಿಸಿದೆ. “ಎಂಟು ತಿಂಗಳು ಮೊದಲ ಬಂದಿದ್ರ ಭಾಳ ಚೊಲೊ ಇತ್ತು,” ಎಂದಳು ಅಂಬರೀನ. ನಾನು ತಲೆ ತಗ್ಗಿಸಿದೆ. ಸಪನಾ ನನ್ನತ್ತ ನೋಡಲಿಲ್ಲ. ಅದು ಅವಳ ದೊಡ್ಡಗುಣ. “ಆದ್ರ ಇನ್ನೂ ಟೈಮ್ ಅದ. ಕಿವಿಗೆ ಮಶೀನು ಹಾಕೋಣು. ದಿನಾ ಆಕಿ ಎದರಿಗೆ ಕುಂತು ಮಾತಾಡ್ರಿ, ವಾರಕ್ಕೊಮ್ಮೆ ಇಲ್ಲಿ ಕರ್ಕೊಂಡು ಬರ್ರಿ.”

ಹತ್ತೇ ದಿನದಲ್ಲಿ ನನಗೆ ನೋಟಿಸು ಬಂತು. ದಾಖಲೆ ತಿದ್ದಿದ್ದೇಕೆ, ಮೂರು ದಿನದಲ್ಲಿ ಉತ್ತರ ಕೊಡಿ ಎಂದಿತ್ತು. ಅಷ್ಟರಲ್ಲಿ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಔರಾದ ತಾಲೂಕಿನ ಚಿಂತಾಕಿಯಿಂದ ಟೀಚರೊಬ್ಬಳು ಫೋನು ಮಾಡಿ, ದನಿ ಇಳಿಸಿ ಹೇಳಿದಳು, “ಅಕ್ಕಾ, ನಾವೂ ತಾಟೇ ಬಾರಸ್ತೇವಿ.” “ಬಾರಿಸು. ಹಿಂದ ನಿಂತು ಬಾರಿಸು,” ಎಂದೆ. ನೋಟಿಸಿಗೆ ಹೀಗೆ ಬರೆದೆ: ‘ತಪ್ಪು ನನ್ನದು. ಮೂವತ್ತೊಂದು ಮಕ್ಕಳನ್ನೂ ಬೆನ್ನ ಹಿಂದೆ ನಿಂತು ಮತ್ತೆ ಪರೀಕ್ಷಿಸಿದ್ದೇನೆ. ಹೊಸ ಕಾರ್ಡು ಬೇಡ. ಆ ಗೀಟು ಹಾಗೇ ಇರಲಿ.’ ಅದಕ್ಕೆ ಇನ್ನೂ ಜವಾಬು ಬಂದಿಲ್ಲ. ಬಂದಾಗ ನೋಡಿಕೊಳ್ಳುತ್ತೇನೆ.

ಮಶೀನು ಹಾಕಿದ ಆರನೆಯ ವಾರ ಪೂನಮ ಮೊದಲ ಸಾಲಿನಲ್ಲಿ ಮಣಿ ಪೋಣಿಸುತ್ತಿದ್ದಳು. ನಾನು ಅವಳ ಹಿಂದೆ ಹೋಗಿ ತಾಟು ಬಾರಿಸಿದೆ. ಅವಳು ಅಲ್ಲಾಡಲಿಲ್ಲ. ಎರಡನೆಯ ಸಲ ಬಾರಿಸಿದೆ. ಅವಳ ಬೆರಳು ನಿಂತವು. ನಿಧಾನವಾಗಿ ಹಿಂದಕ್ಕೆ ತಿರುಗಿದಳು.

ಎದ್ದು ಬಂದಳು. ಮೊಟ್ಟೆಗೆ ಕೈಯೊಡ್ಡಲಿಲ್ಲ. ನನ್ನ ಕೈಯಿಂದ ಸೌಟು ಕಿತ್ತುಕೊಂಡು ತಾನೇ ತಾಟಿಗೆ ಬಾರಿಸಿದಳು, ಬೆಚ್ಚಿದಳು, ಮತ್ತೆ ಬಾರಿಸಿದಳು. ಮಕ್ಕಳೆಲ್ಲ ಓಡಿ ಬಂದು ಸಾಲಾಗಿ ನಿಂತರೂ ಅವಳು ನಿಲ್ಲಿಸಲಿಲ್ಲ. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ಸಾಕು ಮಾಡಿಸಿ ಎಂದು ಕೈಸನ್ನೆ ಮಾಡಿದಳು.

ಹೊಸ್ತಿಲ ಒಳಗೆ ಕೂತಿದ್ದ ಕೇಶರಬಾಯಿ ಕೂತಲ್ಲಿಂದಲೇ ಹೇಳಿದಳು, “ಸಾಕಂತ ಯಾರೂ ಅನಬ್ಯಾಡ್ರಿ. ಮೂರು ವರ್ಷದ್ದು ಬಾಕಿ ಅದ ಇಕಿದು.”