ಯಜಮಾನನಿಗೆ ಬಿಟ್ಟ ದಾರಿ

“ಏಯ್! ಆ ಬಾಗಿಲು ಮುಟ್ಟಿದ್ರೆ ಕೈ ಮುರಿದು ಹಾಕ್ತೀನಿ, ಮುಂಡೆ! ನಿಮ್ಮಂಥೋರು ಕೂತೆದ್ದ ಕಡೆ ನಾನು ಕೂರಬೇಕೇನೇ?”

ಮನೆ ಯಜಮಾನ ಹೀಗೆ ಕೂಗಿದಾಗ ಮೇಸ್ತ್ರಿಯ ಹೆಂಡತಿಯ ಕೈ ಕಕ್ಕಸಿನ ಚಿಲಕದ ಮೇಲಿತ್ತು. ಅದೇ ಕಕ್ಕಸಿಗೆ ಹೋದ ವಾರ ಟೈಲ್ಸ್ ಹಾಕಿದ್ದು ಅವಳ ಗಂಡ. ಸಂದುಸಂದಿಗೂ ಬಿಳಿ ಸಿಮೆಂಟು ತುಂಬಿ, ಮಂಡಿಯೂರಿ ಉಜ್ಜಿ ಫಳಫಳ ಹೊಳೆಸಿದ್ದು ಅವಳು. ಆಗ ಅವಳ ಕೈಯಿಂದ ಏನೂ ಕೊಳೆಯಾಗಿರಲಿಲ್ಲ ನೋಡಿ!

“ಬೆಳಿಗ್ಗೆಯಿಂದ ಹೋಗಿಲ್ಲ ಸಾಹೇಬ್ರೆ. ಹೊರಗೆ ಎಲ್ಲಾ ಕಡೆ ರಸ್ತೆ, ಒಂಚೂರೂ ಮರೆಯಿಲ್ಲ...”

“ಸಂಜೆವರೆಗೂ ತಡ್ಕೋ. ಸತ್ತೋಗಲ್ಲ.”

ತಡ್ಕೊಂಡಳು. ಎಷ್ಟು ಅಂತ ತಡ್ಕೊಳ್ಳೋದು? ಮೂರು ಗಂಟೆ ಹೊತ್ತಿಗೆ, ತಲೆ ಮೇಲೆ ಸಿಮೆಂಟಿನ ಬಾಣಲೆ ಹೊತ್ತು ಬರುವಾಗ, ಹಾಲಿನ ನಡುಮಧ್ಯೆ ಆಗಬಾರದ್ದು ಆಗಿಹೋಯಿತು. ಪೇಂಟರು ಬಣ್ಣ ಬಳಿಯುವುದು ಬಿಟ್ಟು ನೋಡಿದ. ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ.

“ಲೋ ಮೇಸ್ತ್ರಿ, ನಿನ್ನ ಹೆಂಡ್ತಿ ನೆಲಕ್ಕೆ ನೀರುಣಿಸ್ತಾವ್ಳೆ ನೋಡೋ! ಅವಳ ಸೆರಗಲ್ಲೇ ಒರೆಸೋಕೆ ಹೇಳು.”

ಒರೆಸಿದಳು, ಸೆರಗಿನಲ್ಲೇ. ಮಗಳನ್ನು ಮದುವೆ ಮಾಡಿಕೊಟ್ಟ ಹೆಂಗಸು, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಂಡನ ಕಡೆ ನೋಡಿದಳು. ಮೇಸ್ತ್ರಿ ನೆಲದ ಮಟ್ಟ ನೋಡುವ ರಸಮಟ್ಟದೊಳಗಿನ ಗುಳ್ಳೆಯನ್ನೇ ನೋಡುತ್ತಾ ಕೂತಿದ್ದ, ತಲೆ ಎತ್ತಲಿಲ್ಲ.

ಅವತ್ತು ಮನೆಗೆ ಹೋಗಿ ಗಂಡನಿಗೆ ಬೆನ್ನು ಹಾಕಿ ಮಲಗಿದಳು. ಸಿಟ್ಟು ಯಜಮಾನನ ಮೇಲೆ ಎಷ್ಟೋ ಗಂಡನ ಮೇಲೂ ಅಷ್ಟೇ. ಬೆಳಿಗ್ಗೆ ಎದ್ದವಳೇ ಆ ಸೀರೆಯ ಸೆರಗನ್ನು ಪರ್‍ರನೆ ಹರಿದು, ಒರೆಸುವ ಬಟ್ಟೆಗೆ ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಟೈಲ್ಸ್ ಹಾಕಲು ಉಳಿದದ್ದು ಹಾಲು ಒಂದೇ. ಆ ಕೊನೆಗೆ ಒಳಕೋಣೆ, ಈ ಕೊನೆಗೆ ಮುಂಬಾಗಿಲು, ಅದರ ಪಕ್ಕದಲ್ಲೇ, ಹೊರಗಿನ ಜಗುಲಿಗೆ ಬಾಗಿಲಿರುವ ಕಕ್ಕಸು. ಪೇಂಟರು ಅವತ್ತು ಬಂದಿರಲಿಲ್ಲ. ಯಜಮಾನ ಊಟ ಮುಗಿಸಿ, ದೊಡ್ಡ ಬಾಟಲಿ ಜ್ಯೂಸನ್ನು ಒಂದೇ ಉಸಿರಿಗೆ ಗಟಗಟ ಏರಿಸಿ, ಒಳಕೋಣೆಯ ಮಂಚದ ಕಡೆ ನಡೆದ.

“ಲೋ, ನಂಗೆ ಓಡಾಡೋಕೆ ಒಂದು ದಾರಿ ಬಿಟ್ಟು ಹಾಕು. ಎದ್ದಮೇಲೆ ಅದನ್ನ ಮುಚ್ಚಿದ್ರಾಯ್ತು. ಹಡಗಲ್ಲಿ ಬಂದಿರೋ ಟೈಲ್ಸು, ಒಂದೂ ಹೆಚ್ಚಿಗೆ ಇಲ್ಲ. ನಾಳೆ ಬೆಳಿಗ್ಗೆವರೆಗೂ ಇದರ ಮೇಲೆ ಕಾಲಿಟ್ಟೋನ ಕಾಲು ಮುರೀತೀನಿ, ಅವನು ಯಾರೇ ಆಗ್ಲಿ!”

ಬೆಳಿಗ್ಗೆಯೇ ಅರ್ಧ ಆಗಿತ್ತು, ಇನ್ನೆರಡು ಗಂಟೆಯಲ್ಲಿ ಹಾಲಿನ ತುಂಬ ಟೈಲ್ಸ್ ಬಿತ್ತು. ಒಳಕೋಣೆಯಿಂದ ಮುಂಬಾಗಿಲವರೆಗೆ ಎರಡಡಿ ಅಗಲದ ದಾರಿ ಮಾತ್ರ ಖಾಲಿ. ಒಳಗೆ ಗೊರಕೆ. ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವಳು ಇನ್ನೊಂದು ಬಾಣಲೆ ಕಲಸಿ ತಂದಿಟ್ಟಳು.

“ಹಾಕು.”

“ಎಲ್ಲಿಗೆ?”

ಅವಳು ಗದ್ದ ಎತ್ತಿ ದಾರಿ ತೋರಿಸಿದಳು.

“ತಲೆ ಕೆಟ್ಟಿದ್ಯೇನೇ? ಅವ್ನು ಒಳಗವ್ನೆ. ಕಿಟಕಿಗೂ ಸರಳು. ಎದ್ರೆ ಏನ್ ಮಾಡ್ತಾನೆ?”

“ನಿನ್ನೆ ನಾನು ಏನ್ ಮಾಡ್ದೆ? ನೀನು ಗುಳ್ಳೆ ನೋಡ್ಕೊಂಡು ಕೂತಿದ್ದೆ. ಇವತ್ತೂ ಅದನ್ನೇ ನೋಡು. ಕೆಲಸ ಕೆಡಿಸ್ಬೇಡ, ಯಾವತ್ತಿನ ಹಾಗೇ ನೆಟ್ಟಗೆ ಹಾಕು. ನಾನು ಕೇಳೋದು ಅಷ್ಟೇ.”

ಮೇಸ್ತ್ರಿ ಅವಳ ಮುಖ ನೋಡಿದ. ಆಮೇಲೆ ಕರಣೆ ತೆಗೆದುಕೊಂಡು ಒಳಕೋಣೆಯ ಹೊಸ್ತಿಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ರಬ್ಬರ್ ಸುತ್ತಿಗೆಯ ಸದ್ದು ಕೇಳಬಾರದು ಅಂತ ಅವಳು ಹರಿದ ಸೆರಗನ್ನು ಅದಕ್ಕೆ ಸುತ್ತಿ ಕೊಟ್ಟಳು. ಟೈಲು ಕೂರಿಸುತ್ತಾ, ಹಿಂದೆ ಹಿಂದೆ ಸರಿಯುತ್ತಾ ಮುಂಬಾಗಿಲು ಮುಟ್ಟಿದರು.

ಸ್ವಲ್ಪ ಹೊತ್ತಿಗೆ ಯಜಮಾನ ಎದ್ದು ಬಂದ. ಲಾಡಿ ಹಿಡಿದುಕೊಂಡು ಅವಸರದಲ್ಲಿ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ.

“ಲೇ, ದಾರಿ ಎಲ್ಲೋ?”

“ಮುಗೀತು ಸಾಹೇಬ್ರೆ. ಒಂದು ಕೂದಲೆಳೆ ಏರುಪೇರಿಲ್ಲ,” ಅಂದ ಮೇಸ್ತ್ರಿ.

“ನಾನು ಹೇಗೋ ಬರ್ಲಿ, ಬೋಳಿಮಗನೆ? ಅರ್ಜೆಂಟಾಗಿದೆ! ಹಲಗೆ ಹಾಕೋ!”

“ಹಾಕಿದ್ರೆ ಭಾರಕ್ಕೆ ಹೂತೋಗುತ್ತೆ. ಯಾರ್ ಬಂದ್ರೂ ತುಳಿದೇ ಬರ್ಬೇಕು. ಹಡಗಲ್ಲಿ ಬಂದಿರೋದು, ಒಂದೂ ಹೆಚ್ಚಿಗೆ ಇಲ್ವಲ್ಲ.”

ಯಜಮಾನ ಬೈದ. ಪೊಲೀಸು ಅಂದ. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ತಿರುಚಿಕೊಂಡು, ಹಣೆಯ ಬೆವರು ಒರೆಸಿಕೊಂಡು, ಕೊನೆಗೆ ಅವಳ ಕಡೆ ತಿರುಗಿದ.

“ಅಮ್ಮಾ... ಏನಾದ್ರೂ ಮಾಡಮ್ಮ, ತಾಯಿ.”

“ತಡ್ಕೊಳ್ಳಿ. ಸತ್ತೋಗಲ್ಲ.”

ಹಾಗಂದವಳು ನೇರ ಹೋಗಿ ಕಕ್ಕಸಿನ ಬಾಗಿಲು ತೆರೆದಳು. ಒಳಗಿಂದ ಚಿಲಕ ಹಾಕಿಕೊಂಡಳು. ಯಾವ ಅವಸರವೂ ಇಲ್ಲದೆ ಕೂತಳು. ಮುಗಿದ ಮೇಲೆ ನೀರು ಬಿಟ್ಟಳು. ಆ ಸದ್ದು ಖಾಲಿ ಮನೆಯಲ್ಲೆಲ್ಲ ಕೇಳಿಸಿತು. ಯಜಮಾನ ನರಳಿದ್ದೂ ಅವಳಿಗೆ ಕೇಳಿಸಿತು, ಹಾಯೆನಿಸಿತು.

ಹೊರಬಂದಾಗ ಅವನು ಮೊದಲ ಟೈಲಿನ ಮೇಲೆ ಒಂದು ಕಾಲೆತ್ತಿ ನಿಂತಿದ್ದ. ಇಡಲೂ ಆಗದೆ, ತೆಗೆಯಲೂ ಆಗದೆ ಬಾಗಿಲ ಚೌಕಟ್ಟು ಹಿಡಿದು ಒದ್ದಾಡುತ್ತಿದ್ದ. ಮೇಸ್ತ್ರಿ ಮುಂಬಾಗಿಲಲ್ಲಿ ಕೂತು, ರಸಮಟ್ಟ ಪಕ್ಕಕ್ಕಿಟ್ಟು, ಅವನನ್ನೇ ನೋಡುತ್ತಿದ್ದ.

ಅವಳು ಸುತ್ತಿಗೆಗೆ ಸುತ್ತಿದ್ದ ಸೆರಗು ಬಿಚ್ಚಿ, ಮುದ್ದೆ ಮಾಡಿ, ಹಾಲಿನ ಆ ಕೊನೆಗೆ ಬೀಸಿ ಎಸೆದಳು. ಅದು ಹೋಗಿ ಯಜಮಾನನ ಹೊಸ್ತಿಲಲ್ಲಿ ಬಿತ್ತು.

“ಒರೆಸೋಕೆ ಬೇಕಾಗುತ್ತೆ, ಇಟ್ಕೊಳ್ಳಿ” ಅಂದು, ಗಂಡನ ಪಕ್ಕದಲ್ಲಿ ಕೂತು ನೋಡತೊಡಗಿದಳು.